ನಾಲ್ಕು ಊರು, ಮೂರು ಗ್ಯಾಸು, ಒಂದು ಹಳೇ ಏಸಿ

ಬಹಳ ದಿನ ಆಗಿತ್ತು ಇಲ್ಲಿ ಬರೆದು. ಕೆಲಸ, ರಿಲೀಸು, ಅದು ಇದು ಅಂತ ನೆಪಗಳಿಗೇನೂ ಬರ ಇಲ್ಲ. ಈಗ ಬರೆಯಲೇಬೇಕು ಅನ್ನಿಸಿದ್ದು ಒಂದು ಹಳೇ ಏಸಿಯಿಂದ. ನಗಬೇಡಿ. ಕವಿತೆ, ಚಾರಣ, ಸಿನಿಮಾ ಎಲ್ಲ ನೀವು ಚೆನ್ನಾಗಿ ಬರೀತೀರಿ, ಆ ಏರಿಯಾ ನಿಮಗೇ ಇರಲಿ. ಏಸಿ ಗ್ಯಾಸಿನ ಬಗ್ಗೆ ಬರೆದರೆ ಯಾರೂ ಪೈಪೋಟಿಗೆ ಬರಲ್ಲ ಅನ್ನೋ ಧೈರ್ಯ ನನಗೆ :-)

"ಚಿಕ್ಕಬಳ್ಳಾಪುರದ ಕಡೆಯವರಿಗೆ ಏಸಿ ಯಾಕ್ರೀ, ನಂದಿ ಬೆಟ್ಟ ಪಕ್ಕದಲ್ಲೇ ಇದೆಯಲ್ಲ" ಅಂತ ಆಫೀಸಲ್ಲಿ ಗೆಳೆಯರು ಕಿಚಾಯಿಸ್ತಾರೆ. ಬೆಟ್ಟ ಇರೋದು ನಿಜ. ಆದರೆ ಅದರ ತಣ್ಣನೆ ಗಾಳಿ ಶಿಡ್ಲಘಟ್ಟದ ಆರ್‌ಸಿಸಿ ತಾರಸಿ ಕೆಳಗಿನ ಕೋಣೆ ತನಕ ಬರಲ್ಲ. ಏಪ್ರಿಲ್ ತಿಂಗಳ ಮಧ್ಯಾಹ್ನ ನಮ್ಮ ಮನೆ ಮಹಡಿ ಹತ್ತಿ ಹತ್ತು ನಿಮಿಷ ಕೂತು ನೋಡಿ, ಆಮೇಲೆ ಮಾತಾಡೋಣ.

ನಮ್ಮ ಶಿಡ್ಲಘಟ್ಟ ರೇಷ್ಮೆಗೂಡಿನ ಮಾರುಕಟ್ಟೆಯ ಊರು. ಇಲ್ಲಿ ಡಿಗ್ರಿ ಲೆಕ್ಕ ಅಂದರೆ ದುಡ್ಡಿನ ಲೆಕ್ಕ. ಚಾಕಿ ಹುಳಕ್ಕೆ 26ರಿಂದ 28 ಡಿಗ್ರಿ ಇರಬೇಕು, ಗಾಳಿಯಲ್ಲಿ ತೇವ ಚೆನ್ನಾಗಿರಬೇಕು. ದೊಡ್ಡ ಹುಳಕ್ಕೆ 24-25 ಸಾಕು, ತೇವ ಸ್ವಲ್ಪ ಕಮ್ಮಿ. ಬಿಸಿಲು ಏರಿದ ಹಾಗೆ ಹುಳು ಮನೆ ಕಿಟಕಿಗೆ ಗೋಣಿಚೀಲ ಕಟ್ಟಿ ನೀರು ಚಿಮುಕಿಸೋದನ್ನ ನೋಡಿಕೊಂಡೇ ಬೆಳೆದವನು ನಾನು. ಹುಳಕ್ಕೆ ಇಷ್ಟೆಲ್ಲ ಮಾಡೋ ಊರು, ಮನುಷ್ಯರು ಏಸಿ ಹಾಕಿಸಿಕೊಂಡರೆ ಮಾತ್ರ "ಓಹೋ, ದೊಡ್ಡೋರಾಗ್ಬುಟ್ರು" ಅಂತ ನಗುತ್ತೆ.

2010ರಲ್ಲಿ ನಮ್ಮ ದೊಡ್ಡಪ್ಪ ಆ ನಗುವಿಗೆ ಸೊಪ್ಪು ಹಾಕದೆ ಒಂದೂವರೆ ಟನ್ನಿನ ಸ್ಪ್ಲಿಟ್ ಏಸಿ ತಂದು ಮಹಡಿ ಕೋಣೆಗೆ ಹಾಕಿಸಿದರು. ಕಾರಣ ಅಜ್ಜಿ. ಉಸಿರಾಟದ ತೊಂದರೆ, ಸೆಕೆ ಜಾಸ್ತಿಯಾದರೆ ಮಲಗೋಕೇ ಆಗಲ್ಲ, ರಾತ್ರಿಯೆಲ್ಲ ಗೋಡೆಗೆ ಒರಗಿ ಕೂತೇ ಕಳೀತಾರೆ. ಈಗ ಅವರಿಗೆ 81. ಮಂಚ ಕೊಡಿಸಿದರೂ ಹತ್ತಲ್ಲ, ಚಾಪೆ ಮೇಲೇ ನಿದ್ದೆ. ಕೋಣೆ ಮೂಲೆಯಲ್ಲಿ ಒಂದು ಮಣೆ, ಅದರ ಮೇಲೆ ಎರಡು ಫೋಟೋ, ಒಂದು ಎಣ್ಣೆ ದೀಪ. ಆ ದೀಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈ ಸಲದ ಬೇಸಿಗೆಯಲ್ಲಿ ಏಸಿ ತಣ್ಣಗೆ ಮಾಡೋದು ನಿಲ್ಲಿಸಿತು. ಫ್ಯಾನು ತಿರುಗುತ್ತೆ, ಸದ್ದು ಬರುತ್ತೆ, ಗಾಳಿ ಮಾತ್ರ ಬಿಸಿ. ನಾನು ವಾರಾಂತ್ಯಕ್ಕೆ ಊರಿಗೆ ಹೋದಾಗ ಚಿಂತಾಮಣಿಯಿಂದ ಒಬ್ಬ ಮೆಕ್ಯಾನಿಕ್ ಹುಡುಗ ಬಂದಿದ್ದ. ಗೇಜ್ ಹಾಕಿ ನೋಡಿ ಒಂದೇ ಮಾತಲ್ಲಿ ಮುಗಿಸಿದ.

"ಗ್ಯಾಸ್ ಖಾಲಿ ಸಾರ್. ಇದು 22, ಬರೋದೇ ಕಮ್ಮಿ ಆಗೋಯ್ತು, ರೇಟೂ ಜಾಸ್ತಿ. 410 ಹಾಕ್ಬುಡ್ತೀನಿ, ಹೊಸಾ ಗ್ಯಾಸು."

"ಹಳೇ ಏಸಿಗೆ ಹೊಸ ಗ್ಯಾಸ್ ಆಗುತ್ತಾ?"

"ಏಮೀ ಕಾದು ಸಾರ್!" ಅಂದ ತೆಲುಗಲ್ಲಿ. ಏನೂ ಆಗಲ್ಲ ಅಂತ. ನಮ್ಮ ಕಡೆ ಧೈರ್ಯ ಹೇಳೋವಾಗ ಭಾಷೆ ತಾನಾಗೇ ಬದಲಾಗುತ್ತೆ.

"ಯೋಚನೆ ಮಾಡಿ ಹೇಳ್ತೀವಿ" ಅಂತ ಅವನನ್ನ ಕಳಿಸಿದೆವು. ದೊಡ್ಡಪ್ಪ ಚಿಕ್ಕಬಳ್ಳಾಪುರದ ಇನ್ನೊಬ್ಬರಿಗೆ ಫೋನ್ ಮಾಡಿದರು. ಅವರು ನಕ್ಕು, "410 ಹಾಕಿದ್ರೆ ಕಂಪ್ರೆಸರ್ ಹೋಗ್ತದೆ, ಹಾಕಿಸ್ಬೇಡಿ. ನಾನು 290 ಹಾಕಿಕೊಡ್ತೀನಿ. ಪ್ರೆಶರ್ 22ರಷ್ಟೇ ಇರ್ತದೆ, ಆಯಿಲ್ ಬದಲಾಯಿಸೋದು ಬೇಡ, ಕರೆಂಟೂ ಉಳೀತದೆ, ಪರಿಸರಕ್ಕೂ ಒಳ್ಳೇದು" ಅಂದರು.

ಎರಡು ಊರು, ಎರಡು ಸಲಹೆ. ಸಾಫ್ಟ್‌ವೇರ್ ಕೆಲಸದವನಿಗೆ ಹಳೇ ಸಿಸ್ಟಮ್ಮಿಗೆ ಹೊಸದನ್ನ ಜೋಡಿಸೋದು ದಿನಾ ಇದ್ದದ್ದೇ. ಅಲ್ಲಿ ಕೆಟ್ಟರೆ ಹಿಂದಿನ ವರ್ಷನ್ನಿಗೆ ವಾಪಸ್ ಹೋಗಬಹುದು. ಇಲ್ಲಿ ಕೆಟ್ಟರೆ ಕೆಳಗೆ ಚಾಪೆ ಮೇಲೆ ಅಜ್ಜಿ ಮಲಗಿರ್ತಾರೆ. ಹಾಗಾಗಿ ಎರಡು ರಾತ್ರಿ ಕೂತು ಓದಿದೆ. ಓದಿದ್ದನ್ನ ನಿಮಗೂ ಸ್ವಲ್ಪ ಬಡಿಸ್ತೀನಿ, ತಾಳ್ಮೆ ಇರಲಿ.

ಮೊದಲನೇ ಮಾತು: ಏಸಿಯ ಗ್ಯಾಸು ಪೆಟ್ರೋಲ್ ಥರ ಖರ್ಚಾಗೋ ವಸ್ತು ಅಲ್ಲ. ಅದು ಮುಚ್ಚಿದ ಪೈಪಿನೊಳಗೆ ಸುತ್ತುತ್ತಾ ಇರುತ್ತೆ ಅಷ್ಟೆ. ಹುಳು ಮನೆಯ ಒದ್ದೆ ಗೋಣಿಚೀಲದ ತತ್ವವೇ ಇಲ್ಲೂ. ನೀರು ಆವಿಯಾಗುವಾಗ ಸುತ್ತಲಿನ ಬಿಸಿ ಎಳೆದುಕೊಳ್ಳುತ್ತೆ, ಗಾಳಿ ತಣ್ಣಗಾಗುತ್ತೆ. ಗೋಣಿಚೀಲದ ನೀರು ಗಾಳಿಗೆ ಹೋಯಿತು ಅಂದರೆ ಹೋಯಿತು. ಏಸಿಯಲ್ಲಿ ಆ ಆವಿಯನ್ನ ಹಿಡಿದು, ಕಂಪ್ರೆಸರ್‌ನಲ್ಲಿ ಒತ್ತಿ, ಹೊರಗಿನ ಕಾಯಿಲ್‌ನಲ್ಲಿ ಬಿಸಿ ಬಿಡಿಸಿ ಮತ್ತೆ ದ್ರವ ಮಾಡ್ತಾರೆ. ನೀರಿನ ಬದಲು ಮೈನಸ್ 41 ಡಿಗ್ರಿಗೇ ಕುದಿಯೋ ಆರ್-22 ಅನ್ನೋ ವಸ್ತು. ಅದು 'ಖಾಲಿ' ಆಗಿದೆ ಅಂದರೆ ಎಲ್ಲೋ ತೂತಿದೆ ಅಂತಲೇ ಅರ್ಥ. ತೂತು ಹುಡುಕದೆ ಯಾವ ಗ್ಯಾಸ್ ತುಂಬಿದರೂ ಅದು ಸೋರುವ ಬಿಂದಿಗೆಗೆ ನೀರು ಹೊಯ್ದ ಹಾಗೆ. ಎರಡು ಊರಿನವರೂ ತೂತಿನ ಮಾತೇ ಎತ್ತಿರಲಿಲ್ಲ!

ಎರಡನೇದು: 22 ಯಾಕೆ ಸಿಗೋದು ಕಮ್ಮಿ ಆಯಿತು? ಇದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಹಿಂದೆ ಫ್ರಿಜ್ಜುಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್ ಇಂಥವು ಇರುತ್ತಿದ್ದವು. ರಾತ್ರಿ ಸೋರಿದರೆ ಮನೆಮಂದಿಯೆಲ್ಲ ಸಾಯುವಂಥವು. ಬರ್ಲಿನ್ನಿನಲ್ಲಿ ಅಂಥ ಒಂದು ಕುಟುಂಬ ಸತ್ತ ಸುದ್ದಿ ಓದಿ ಐನ್‌ಸ್ಟೈನ್ ಮತ್ತು ಸಿಲಾರ್ಡ್ ಸೇರಿಕೊಂಡು ಸೋರದ ಫ್ರಿಜ್ ಮಾಡಲು ಹೊರಟರಂತೆ. ಅವರ ಅಮೆರಿಕನ್ ಪೇಟೆಂಟ್ ಬಂದಿದ್ದು 1930ರಲ್ಲಿ. (ಹೌದು, ಅದೇ ಐನ್‌ಸ್ಟೈನ್. ಫ್ರಿಜ್ ರಿಪೇರಿ ಯಾರಿಗೂ ತಪ್ಪಿದ್ದಲ್ಲ.) ಅಷ್ಟರಲ್ಲಿ ಅಮೆರಿಕದ ಥಾಮಸ್ ಮಿಜ್ಲಿ ಇನ್ನೊಂದು ದಾರಿ ಹಿಡಿದಿದ್ದ. ವಿಷವೂ ಅಲ್ಲದ, ಬೆಂಕಿಯೂ ಹತ್ತದ ಗ್ಯಾಸ್. ಅದೇ ಫ್ರಿಯಾನ್. 1930ರಲ್ಲಿ ವಿಜ್ಞಾನಿಗಳ ಸಭೆಯೊಂದರಲ್ಲಿ ಅವನು ಆ ಗ್ಯಾಸನ್ನ ಎದೆ ತುಂಬ ಎಳೆದುಕೊಂಡು, ಉರಿಯೋ ಮೇಣದಬತ್ತಿ ಮೇಲೆ ಊದಿ ಆರಿಸಿ ತೋರಿಸಿದ. ಉಸಿರಾಡಿದರೂ ಸಾಯಲ್ಲ, ಬೆಂಕಿಗೆ ಬಿಟ್ಟರೂ ಹತ್ತಲ್ಲ ಅಂತ ಒಂದೇ ಏಟಿಗೆ ಸಾಬೀತು. ಪೆಟ್ರೋಲಿಗೆ ಸೀಸ ಬೆರೆಸುವ ಉಪಾಯ ಕಂಡುಹಿಡಿದವನೂ ಇದೇ ಮಹಾನುಭಾವ, ಅದು ಬೇರೆ ಕಥೆ.

ಕೋಣೆಯಲ್ಲಿ ಸಾಧುವಾಗಿದ್ದ ಆ ಗ್ಯಾಸುಗಳು ಆಕಾಶಕ್ಕೆ ಹೋಗಿ ಓಝೋನ್ ತಿಂತಾವೆ ಅಂತ 1974ರಲ್ಲಿ ಮೊಲಿನಾ ಮತ್ತು ರೋಲಂಡ್ ಎಚ್ಚರಿಸಿದರು. 1985ರಲ್ಲಿ ಅಂಟಾರ್ಕ್ಟಿಕಾ ಮೇಲಿನ ಓಝೋನ್ ತೂತಿನ ವಿಷಯ ಪ್ರಕಟವಾಯಿತು, 1987ರಲ್ಲಿ ಮಾಂಟ್ರಿಯಲ್ ಒಪ್ಪಂದ ಆಯಿತು, 1992ರಲ್ಲಿ ಭಾರತ ಅದಕ್ಕೆ ಸೇರಿತು. ಮೊದಲು ಹೋಗಿದ್ದು ಹಳೇ ಸಿಎಫ್‌ಸಿಗಳು. ನಮ್ಮ 22 ಅದೇ ವಂಶದ ಸೌಮ್ಯ ಸ್ವಭಾವದ ತಮ್ಮ. ಓಝೋನಿಗೆ ಅದು ಮಾಡೋ ಹಾನಿ ಸಿಎಫ್‌ಸಿ-11 ಮಾಡೋದರ ಇಪ್ಪತ್ತರಲ್ಲಿ ಒಂದು ಪಾಲಿನಷ್ಟು. ಹಾಗಾಗಿ ಅದಕ್ಕೆ ಸ್ವಲ್ಪ ಹೆಚ್ಚು ಕಾಲ ಕೊಟ್ಟರು. ಭಾರತದಂಥ ದೇಶಗಳು 2015ಕ್ಕೆ ಶೇ 10, 2020ಕ್ಕೆ ಶೇ 35, 2025ಕ್ಕೆ ಶೇ 67.5 ಕಡಿಮೆ ಮಾಡಬೇಕು. 2030ಕ್ಕೆ ಪೂರ್ತಿ ಬಂದ್, ಹಳೇ ಯಂತ್ರಗಳ ರಿಪೇರಿಗೆ ಅಂತ 2040ರ ತನಕ ಒಂದು ಚಿಟಿಕೆಯಷ್ಟು ಮಾತ್ರ. ಹೊಸ ಏಸಿಗಳಿಗೆ 22 ತುಂಬಿ ತಯಾರಿಸೋದನ್ನ ನಮ್ಮ ದೇಶ 2024ರ ಕೊನೆಗೇ ನಿಲ್ಲಿಸಬೇಕು ಅಂತ ನಿಗದಿಯಾಗಿತ್ತು.

ಅಂದರೆ ಹಳೇ ಏಸಿ ಇಟ್ಟುಕೊಳ್ಳೋದು ಅಪರಾಧ ಏನಲ್ಲ, ಅದಕ್ಕೆ 22 ತುಂಬಿಸೋದೂ ಅಲ್ಲ. ಸರಬರಾಜು ಮಾತ್ರ ವರ್ಷ ವರ್ಷ ತೆಳ್ಳಗಾಗ್ತಾ ಇದೆ. "ಹೊಸ ಗ್ಯಾಸ್ ಹಾಕ್ಬುಡೋಣ" ಅನ್ನೋ ಮಾತು ಹುಟ್ಟೋದು ಇಲ್ಲೇ.

ಈಗ ಚಿಂತಾಮಣಿ ಹುಡುಗನ 410 ನೋಡೋಣ. ಪೂರ್ತಿ ಹೆಸರು ಆರ್-410ಎ. ಓಝೋನಿಗೆ ತೊಂದರೆ ಇಲ್ಲ, ನಿಜ. ಆದರೆ ಅದರ ಒತ್ತಡ ನೋಡಿ. ಹೊರಗೆ 36-37 ಡಿಗ್ರಿ ಬಿಸಿಲಿದ್ದಾಗ ತಾರಸಿ ಮೇಲಿನ ಯೂನಿಟ್‌ನಲ್ಲಿ ಗ್ಯಾಸು ಸುಮಾರು 50 ಡಿಗ್ರಿಗೆ ದ್ರವ ಆಗ್ತಿರುತ್ತೆ ಅಂತ ಇಟ್ಟುಕೊಳ್ಳಿ. ಆಗ 22ರ ಒತ್ತಡ ಸುಮಾರು 270 ಪಿಎಸ್‌ಐ. 410ಎ ಆದರೆ ಸುಮಾರು 430. ಸ್ಕೂಟರ್ ಟೈರಿಗೆ ನಾವು ಹಾಕಿಸೋದು 30ರ ಆಸುಪಾಸು, ಅಂದಾಜಿಗೆ ಹೇಳ್ತಿದೀನಿ. 270ಕ್ಕೆ ಅಂತ ಮಾಡಿದ, ಹದಿನೈದು ವರ್ಷ ಮಳೆ ಬಿಸಿಲು ತಿಂದ ಪೈಪು, ಕಾಯಿಲ್ಲು, ಕಂಪ್ರೆಸರಿಗೆ 430 ಹೊರಿಸಬೇಕು.

ಒತ್ತಡ ಒಂದೇ ಅಲ್ಲ, ಎಣ್ಣೆ ತಕರಾರೂ ಇದೆ. ಕಂಪ್ರೆಸರ್ ಒಳಗೆ ಎಣ್ಣೆ ಇರುತ್ತೆ, ಅದರಲ್ಲಿ ಸ್ವಲ್ಪ ಗ್ಯಾಸಿನ ಜೊತೆ ಊರೆಲ್ಲ ಸುತ್ತಿ ವಾಪಸ್ ಬರಬೇಕು. 22ಕ್ಕೆ ಹಾಕೋದು ಮಿನರಲ್ ಆಯಿಲ್. 410ಎ ಜೊತೆ ಅದು ಬೆರೆಯಲ್ಲ. ಹೋದ ಎಣ್ಣೆ ಕಾಯಿಲ್ಲಿನಲ್ಲೇ ಕೂತುಬಿಡುತ್ತೆ, ಕಂಪ್ರೆಸರ್ ಒಣಗಿ ಸವೀತದೆ. ಹೊಸ ಗ್ಯಾಸಿಗೆ ಬೇಕಾದ್ದು ಪಿಒಇ ಅನ್ನೋ ಬೇರೆ ಜಾತಿ ಎಣ್ಣೆ. ಅದೋ ಗಾಳಿಯಲ್ಲಿನ ತೇವವನ್ನ ಉಪ್ಪಿನ ಹಾಗೆ ಹೀರಿಕೊಳ್ಳುತ್ತೆ, ನೀರು ಸೇರಿದರೆ ಒಳಗೇ ಆಮ್ಲ. ಇಷ್ಟು ಸಾಲದು ಅಂತ ಕ್ಯಾಪಿಲ್ಲರಿ, ಅಂದರೆ ದ್ರವವನ್ನ ಹದವಾಗಿ ಒಳಗೆ ಬಿಡೋ ಸಣ್ಣ ಕೊಳವೆ, ಅದರ ಅಳತೆಯೂ ಗ್ಯಾಸಿಗೆ ತಕ್ಕಂತೆಯೇ ಇರಬೇಕು. ಕೊನೆಗೆ ಹಳೇ ಏಸಿಯಲ್ಲಿ ಉಳಿಯೋದು ಪ್ಲಾಸ್ಟಿಕ್ ಮುಚ್ಚಳ, ರಿಮೋಟು :-)

ತಯಾರಕರಿಗೆ ಇದು ಗೊತ್ತಿಲ್ಲದೆ ಇಲ್ಲ. 22ರ ಏಸಿಯಲ್ಲಿ ಗೇಜಿನ ಪೈಪು ಕೂರೋ ಬಾಯಿ ಕಾಲು ಇಂಚಿನದು. 410ಎ ಏಸಿಯಲ್ಲಿ ಅದು 5/16 ಇಂಚು. ಒಂದರದ್ದು ಇನ್ನೊಂದಕ್ಕೆ ಕೂರಬಾರದು ಅಂತ ಬೇಕಂತಲೇ ಹಾಗೆ ಮಾಡಿರೋದು. ಎರಡನ್ನೂ ಸೇರಿಸೋ ಅಡಾಪ್ಟರ್ ಅಂಗಡಿಯಲ್ಲಿ ಸಿಗುತ್ತೆ ಅನ್ನಿ...

ಮಾರುಕಟ್ಟೆಯಲ್ಲಿ ಇನ್ನೊಂದು ಗ್ಯಾಸಿದೆ, ಆರ್-407ಸಿ. ಒತ್ತಡ 22ಕ್ಕೆ ಹತ್ತಿರ, ಬೆಂಕಿ ಹತ್ತಲ್ಲ, ಹಳೇ ಯಂತ್ರಗಳನ್ನ ಬದಲಾಯಿಸೋಕೆ ಅಂತಲೇ ಬಳಸ್ತಾರೆ. ಆದರೆ ಅದಕ್ಕೂ ಪಿಒಇ ಎಣ್ಣೆ ಬೇಕು. ನಮ್ಮ ಮನೆ ಏಸಿಗಳ ಕಂಪ್ರೆಸರಿಗೆ ಎಣ್ಣೆ ಇಳಿಸೋ ನಲ್ಲಿ ಇರಲ್ಲ. ಕತ್ತರಿಸಿ ಹೊರಗೆ ತೆಗೆದು, ಬಗ್ಗಿಸಿ ಸುರಿದು, ಅಳೆದು ಹೊಸದು ತುಂಬಿ ಮತ್ತೆ ಬೆಸೆಯಬೇಕು. ಇಷ್ಟು ಮಾಡಿ ಭೂಮಿಗೇನಾದರೂ ಲಾಭವಾ? ಬಿಸಿ ಏರಿಸೋ ಶಕ್ತಿಯಲ್ಲಿ ಇಂಗಾಲದ ಡೈಆಕ್ಸೈಡ್ 1 ಅಂದರೆ 22ರದ್ದು 1,810, 407ಸಿಯದ್ದು 1,774. 410ಎ ಇನ್ನೂ ಜಾಸ್ತಿ, 2,088. ಓಝೋನ್ ಉಳೀತು, ಬಿಸಿ ಹಾಗೇ ಇತ್ತು. ಅದಕ್ಕೇ 2016ರಲ್ಲಿ ಕಿಗಾಲಿಯಲ್ಲಿ ಇನ್ನೊಂದು ಒಪ್ಪಂದ ಆಗಿ ಈ 'ಹೊಸ' ಗ್ಯಾಸುಗಳನ್ನೂ ಇಳಿಸೋ ಪಟ್ಟಿಗೆ ಸೇರಿಸಿದರು. ಭಾರತ ಅದನ್ನ ಒಪ್ಪಿದ್ದು 2021ರಲ್ಲಿ. 2028ಕ್ಕೆ ತಡೆ, 2032ರಿಂದ ಹಂತ ಹಂತವಾಗಿ ಇಳಿಕೆ. ಚಿಂತಾಮಣಿ ಹುಡುಗ ಹೊಸದು ಅಂತ ಹೇಳಿದ ಗ್ಯಾಸು ಆಗಲೇ ನಿವೃತ್ತಿಯ ಸಾಲಲ್ಲಿ ನಿಂತಿದೆ.

ಉಳಿದದ್ದು ಚಿಕ್ಕಬಳ್ಳಾಪುರದವರ 290. ಅವರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಿರಲಿಲ್ಲ. ಕುದಿಯೋದು ಮೈನಸ್ 42ಕ್ಕೆ, 22ರ ಪಕ್ಕದಲ್ಲೇ. ಒತ್ತಡ 50 ಡಿಗ್ರಿಗೆ ಸುಮಾರು 235 ಪಿಎಸ್‌ಐ, ಸ್ವಲ್ಪ ಕಮ್ಮಿಯೇ. ಮಿನರಲ್ ಆಯಿಲ್ ಜೊತೆ ಚೆನ್ನಾಗಿ ಬೆರೆಯುತ್ತೆ. ಭೂಮಿ ಬಿಸಿ ಏರಿಸೋ ಲೆಕ್ಕದಲ್ಲಿ ಬರೀ 3. ಕಾಗದದ ಮೇಲೆ ನೋಡಿದರೆ 22ಕ್ಕೆ ಹೇಳಿ ಮಾಡಿಸಿದ ವಾರಸುದಾರ. ಅವರು ಹೇಳದೆ ಬಿಟ್ಟದ್ದು ಒಂದೇ. ಆರ್-290 ಅಂದರೆ ಪ್ರೋಪೇನ್. ಅಡುಗೆ ಸಿಲಿಂಡರಿನಲ್ಲಿ ಬ್ಯುಟೇನ್ ಜೊತೆ ಇರುತ್ತಲ್ಲ, ಅದೇ. ಅಡುಗೆ ಗ್ಯಾಸಿಗೆ ಸೋರಿದರೆ ತಿಳೀಲಿ ಅಂತ ವಾಸನೆ ಬೆರೆಸಿರ್ತಾರೆ. ಏಸಿಗೆ ತುಂಬೋ ಶುದ್ಧ ಪ್ರೋಪೇನಿಗೆ ಸಾಮಾನ್ಯವಾಗಿ ವಾಸನೆ ಇರಲ್ಲ.

ಇಂಜಿನಿಯರಿಂಗ್ ಓದಿದ್ದಕ್ಕೆ ಒಂದು ಸಲನಾದರೂ ಪ್ರಯೋಜನ ಆಗಲಿ ಅಂತ ಅಜ್ಜಿ ಕೋಣೆಯ ಲೆಕ್ಕ ಹಾಕಿದೆ. ಕೋಣೆ 10 ಅಡಿಗೆ 12 ಅಡಿ, ಎತ್ತರ 10. ಅಂದರೆ 1,200 ಘನ ಅಡಿ, ಸುಮಾರು 34 ಘನ ಮೀಟರ್. ನಮ್ಮ ಏಸಿಯ ತಗಡಿನ ಮೇಲೆ 22 ಗ್ಯಾಸು 980 ಗ್ರಾಂ ಅಂತ ಬರೆದಿದೆ. ಪ್ರೋಪೇನ್ ತೂಕದಲ್ಲಿ ಅದರ ಅರ್ಧಕ್ಕಿಂತ ಕಮ್ಮಿ ಸಾಕು, 400 ಗ್ರಾಂ ಅಂತ ಇಟ್ಟುಕೊಳ್ಳಿ. ಗಾಳಿಯಲ್ಲಿ ಪ್ರೋಪೇನ್ ಒಂದು ಘನ ಮೀಟರಿಗೆ 38 ಗ್ರಾಂ ಆಸುಪಾಸು ಸೇರಿದರೆ ಬೆಂಕಿ ಹತ್ತುತ್ತೆ. 400 ಗ್ರಾಂ ಪೂರ್ತಿ ಸೋರಿ ಕೋಣೆಯೆಲ್ಲ ಸಮನಾಗಿ ಹರಡಿದರೆ ಘನ ಮೀಟರಿಗೆ 12 ಗ್ರಾಂ. ಅಪಾಯ ಇಲ್ಲ!

ಆದರೆ ಪ್ರೋಪೇನ್ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಫ್ಯಾನು ನಿಂತಿದ್ದರೆ, ಬಾಗಿಲು ಮುಚ್ಚಿದ್ದರೆ ಅದು ಸಮನಾಗಿ ಹರಡಲ್ಲ, ಇಳಿದು ನೆಲದ ಮೇಲೆ ಹಾಸಿಕೊಳ್ಳುತ್ತೆ. ಕೆಳಗಿನ ಒಂದು ಅಡಿಯಲ್ಲೇ ನಿಂತರೆ 400 ಗ್ರಾಮಿಗೆ ಸಿಗೋದು 3.4 ಘನ ಮೀಟರ್ ಗಾಳಿ. ಘನ ಮೀಟರಿಗೆ ಸುಮಾರು 118 ಗ್ರಾಂ. ಬೆಂಕಿ ಹತ್ತೋ ಮಿತಿಯ ಮೂರು ಪಟ್ಟು. ಆ ಒಂದು ಅಡಿಯಲ್ಲಿ ಏನಿದೆ? ಚಾಪೆ. ಚಾಪೆ ಮೇಲೆ ಅಜ್ಜಿ. ಮಣೆ ಮೇಲೆ ಉರಿಯೋ ದೀಪ.

ಲೆಕ್ಕ ಮುಗಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಮಿಜ್ಲಿ ಮೇಣದಬತ್ತಿ ಆರಿಸಿದ್ದು ಇದೇ ಭಯಕ್ಕೆ ಉತ್ತರವಾಗಿ ಅಲ್ವಾ ಅನ್ನಿಸಿತು.

ಹಾಗಂತ 290 ಕೆಟ್ಟ ಗ್ಯಾಸು ಅಂತ ತಿಳ್ಕೋಬೇಡಿ. ಗೋದ್ರೆಜ್‌ನವರು 2012ರಿಂದಲೇ 290 ತುಂಬಿದ ಏಸಿ ಮಾಡಿ ನಮ್ಮ ದೇಶದಲ್ಲೇ ಮಾರಿದ್ದಾರೆ. ಅಂಥ ಏಸಿಯನ್ನ ಮೊದಲಿಂದಲೇ ಬೆಂಕಿ ಹತ್ತೋ ಗ್ಯಾಸಿಗೆ ಅಂತ ವಿನ್ಯಾಸ ಮಾಡಿರ್ತಾರೆ. ಗ್ಯಾಸು ಆದಷ್ಟು ಕಮ್ಮಿ, ಇಷ್ಟು ಚದರ ಮೀಟರಿಗಿಂತ ಸಣ್ಣ ಕೋಣೆಗೆ ಹಾಕಬೇಡಿ ಅನ್ನೋ ಕಟ್ಟುಪಾಡು, ಕಿಡಿ ಹಾರೋ ಸ್ವಿಚ್ಚು ರಿಲೇಗಳಿಗೆ ರಕ್ಷಣೆ, ಕೂರಿಸೋರಿಗೆ ತರಬೇತಿ. ನಮ್ಮ 2010ರ ಪೆಟ್ಟಿಗೆಯಲ್ಲಿ ಇದ್ಯಾವುದೂ ಇಲ್ಲ. ಬೆಂಕಿ ಹತ್ತದ ಗ್ಯಾಸಿಗೆ ಅಂತ ಮಾಡಿದ ಯಂತ್ರಕ್ಕೆ ಆ ಎಚ್ಚರ ಯಾಕಿರುತ್ತೆ? 22ರ ಮನೆ ಏಸಿಗಳಿಗೆ ಪ್ರೋಪೇನ್ ತುಂಬೋದು ಅಮೆರಿಕದಲ್ಲೂ ಶುರುವಾಗಿ, '22ಎ' ಅಂತ ಹೆಸರಿಟ್ಟು ಮಾರಿ, 2013ರಲ್ಲಿ ಅಲ್ಲಿನ ಪರಿಸರ ಸಂಸ್ಥೆ ಬೆಂಕಿ, ಸ್ಫೋಟದ ಅಪಾಯ ಅಂತ ಎಚ್ಚರಿಕೆ ಕೊಡಬೇಕಾಯಿತು. 'ಏಮೀ ಕಾದು' ಅನ್ನೋರು ಎಲ್ಲ ದೇಶದಲ್ಲೂ ಇದ್ದಾರೆ.

ಇಷ್ಟೆಲ್ಲ ತಿಳಿದ ಮೇಲೂ ಏಸಿ ಮಾತ್ರ ಬಿಸಿ ಗಾಳಿಯನ್ನೇ ಊದ್ತಾ ಇತ್ತು. ಅಜ್ಜಿ ಮೂರನೇ ರಾತ್ರಿಯೂ ಗೋಡೆಗೆ ಒರಗಿ ಕೂತಿದ್ದರು. ಆಗ ನೆನಪಾಗಿದ್ದು ಗೌರಿಬಿದನೂರಿನ ಮಾವ. ಅವರು ಕುಡುಮಲಕುಂಟೆ ಕೈಗಾರಿಕಾ ಪ್ರದೇಶದಲ್ಲಿ ಕೆಲಸ ಮಾಡೋರು. "ನಮ್ಮ ಕಡೆ ಒಬ್ಬರಿದ್ದಾರೆ, ಬೆಂಗಳೂರಲ್ಲಿ ಹತ್ತು ವರ್ಷ ಇದೇ ಕೆಲಸ ಮಾಡಿ ಊರಿಗೆ ವಾಪಸ್ ಬಂದೋರು, ಕಳಿಸ್ತೀನಿ" ಅಂದರು. ಗೌರಿಬಿದನೂರು ಚಿಕ್ಕಬಳ್ಳಾಪುರಕ್ಕಿಂತ ಇನ್ನೂರು ಮೀಟರಷ್ಟು ಕೆಳಗಿದೆ, ಹಿಂದೂಪುರದ ಪಕ್ಕ. ಬಿಸಿಲೂ ಹಾಗೇ. ಏಸಿ ರಿಪೇರಿಯವರಿಗೆ ಬೇಸಿಗೆಯಲ್ಲಿ ಕೈ ಬಿಡುವಿರಲ್ಲ. ಆದರೂ ಆ ಅಣ್ಣ ಭಾನುವಾರ ಬೆಳಗ್ಗೆ ಮಂಚೇನಹಳ್ಳಿ ದಾರಿಯಲ್ಲಿ ಬೈಕ್ ಮೇಲೇ ಬಂದರು. ಹಿಂದೆ ವ್ಯಾಕ್ಯೂಮ್ ಪಂಪು, ತಕ್ಕಡಿ, ಸಣ್ಣದೊಂದು ನೈಟ್ರೋಜನ್ ಸಿಲಿಂಡರ್ ಕಟ್ಟಿಕೊಂಡು.

ತಾರಸಿಗೆ ಬಂದವರೇ ಗೇಜು ಮುಟ್ಟಲಿಲ್ಲ. ಮೊದಲು ಕೇಳಿದ ಪ್ರಶ್ನೆ: "ಇದಕ್ಕೆ ಮುಂಚೆ ಯಾರಾದ್ರೂ ಗ್ಯಾಸ್ ಹಾಕಿದ್ರಾ? ಯಾವ್ದು ಹಾಕಿದ್ರು ಗೊತ್ತಾ?"

ಇಲ್ಲ, ಕಂಪನಿಯಿಂದ ಬಂದದ್ದೇ, ಯಾರೂ ಮುಟ್ಟಿಲ್ಲ ಅಂದೆ. ಒಂದು ಸಲ ಅಲ್ಲ, ಮೂರು ಸಲ ಕೇಳಿದರು. ಯಾಕಣ್ಣ ಅಂದಿದ್ದಕ್ಕೆ ಬಲಗೈ ಶರ್ಟಿನ ತೋಳು ಮೇಲಕ್ಕೆ ಸರಿಸಿದರು. ಮೊಣಕೈ ತನಕ ಸುಟ್ಟ ಕಲೆ, ಚರ್ಮ ಸುಕ್ಕಾಗಿ ಹೊಳೀತಿತ್ತು.

"ಬೋರ್ಡಲ್ಲಿ 22 ಅಂತಿತ್ತು. ಪೈಪ್ ಬಿಚ್ಚಿ ವೆಲ್ಡಿಂಗ್ ಟಾರ್ಚ್ ಹಿಡಿದೆ. ಒಳಗೆ ಉಳಿದಿದ್ದು 22 ಅಲ್ಲ. ಮುಂಚೆ ಯಾರೋ ಬಂದೋರು 290 ತುಂಬಿ ಹೋಗಿದ್ರು. ಬರ್ದಿರ್ಲಿಲ್ಲ."

ಇಷ್ಟೇ ಹೇಳಿದ್ದು. ಬೈಯಲಿಲ್ಲ, ಕಥೆ ಬೆಳೆಸಲಿಲ್ಲ. ತೋಳು ಇಳಿಸಿ ಕೆಲಸ ಶುರು ಮಾಡಿದರು.

ನಾನು ಅಜ್ಜಿಯ ದೀಪ, ಚಾಪೆ ಅಂತ ಲೆಕ್ಕ ಹಾಕಿದ್ದೆನಲ್ಲ, ಅದು ಸರಿಯೇ. ಆದರೆ ಆ ಲೆಕ್ಕದಲ್ಲಿ ಇನ್ನೊಬ್ಬ ಮನುಷ್ಯ ಇದ್ದಾನೆ. ಮುಂದಿನ ಸಲ ಆ ಪೈಪು ಬಿಚ್ಚೋನು. ತಗಡಿನ ಮೇಲಿನ ಅಕ್ಷರ ನಂಬಿಕೊಂಡು ಬೆಂಕಿ ಹಿಡಿಯೋನು. ನಮ್ಮ ಕೆಲಸದಲ್ಲಿ ಯಾರೋ ಏನೋ ಬದಲಾಯಿಸಿ, ಎಲ್ಲೂ ಬರೆಯದೆ ಕೆಲಸ ಬಿಟ್ಟು ಹೋದರೆ ನಮಗೆ ಎರಡು ರಾತ್ರಿ ನಿದ್ದೆ ಹೋಗುತ್ತೆ, ಬೈಕೊಂಡು ಸರಿ ಮಾಡ್ತೀವಿ. ಇವರಿಗೆ ಹೋಗೋದು ಕೈ. ಚಿಂತಾಮಣಿ ಹುಡುಗನನ್ನೂ ಈಗ ಬೇರೆ ಥರ ನೋಡಬೇಕು ಅನ್ನಿಸಿತು. ಇಪ್ಪತ್ತು ವರ್ಷ ಇರಬಹುದು. ಅಂಗಡಿಯಲ್ಲಿ ದೊಡ್ಡವರು ಮಾಡಿದ್ದನ್ನ ನೋಡಿ ಕಲಿತವನು, ಹಗ್ಗ ಇಲ್ಲದೆ ಪ್ಯಾರಪೆಟ್ ಗೋಡೆ ಮೇಲೆ ನಿಂತು ಕೆಲಸ ಮಾಡೋನು. ಅಪಾಯದಲ್ಲಿ ಮೊದಲ ಪಾಲು ಅವನದೇ. 2019ರಲ್ಲಿ ಕೇಂದ್ರ ಸರ್ಕಾರ ತಂದ ಕೂಲಿಂಗ್ ಆಕ್ಷನ್ ಪ್ಲಾನ್‌ನಲ್ಲಿ ಇಂಥ ಒಂದು ಲಕ್ಷ ಮೆಕ್ಯಾನಿಕ್‌ಗಳಿಗೆ ತರಬೇತಿ ಕೊಟ್ಟು ಪ್ರಮಾಣಪತ್ರ ಕೊಡೋ ಗುರಿ ಇತ್ತು. ಗೌರಿಬಿದನೂರಿನ ಅಣ್ಣ ಅಂಥ ಒಂದು ತರಬೇತಿಗೆ ಹೋಗಿ ಬಂದವರು. "ಅಲ್ಲೇ ಕಲ್ತಿದ್ದು ತೂಕ ಹಾಕಿ ತುಂಬೋದು. ಅದಕ್ಕೆ ಮುಂಚೆ ಪೈಪ್ ಮುಟ್ಟಿ ನೋಡಿ ತಣ್ಣಗಾಯ್ತು ಅಂದ್ರೆ ಸಾಕು ಅಂತಿದ್ವಿ" ಅಂದರು.

ತೂತು ಎಲ್ಲಿತ್ತು ಗೊತ್ತಾ? ಔಟ್‌ಡೋರ್ ಯೂನಿಟ್ಟಿಗೆ ತಾಮ್ರದ ಪೈಪು ಸೇರೋ ಫ್ಲೇರ್ ನಟ್ಟಿನಲ್ಲಿ. ಅಲ್ಲಿ ಧೂಳು ಮೆತ್ತಿಕೊಂಡ ಎಣ್ಣೆ ಜಿಡ್ಡು ಕಾಣ್ತಿತ್ತು. ಗ್ಯಾಸು ಸೋರೋವಾಗ ಜೊತೆಗೆ ಚೂರು ಎಣ್ಣೆಯೂ ಬರುತ್ತೆ, ಅದೇ ಗುರುತು. ಉಳಿದಿದ್ದ ಸ್ವಲ್ಪ ಗ್ಯಾಸನ್ನ ಗಾಳಿಗೆ ಬಿಡದೆ ಸಿಲಿಂಡರಿಗೆ ಎಳೆದುಕೊಂಡರು. ನೈಟ್ರೋಜನ್ ತುಂಬಿ ಸೋಪು ನೀರು ಹಚ್ಚಿದರೆ ಗುಳ್ಳೆ ಗುಳ್ಳೆ. ಪೈಪಿನ ತುದಿ ಕತ್ತರಿಸಿ ಹೊಸದಾಗಿ ಫ್ಲೇರ್ ಮಾಡಿ ಬಿಗಿದರು. ಮತ್ತೆ ನೈಟ್ರೋಜನ್ ತುಂಬಿ ಕಾಫಿ ಕುಡಿಯೋ ತನಕ ಬಿಟ್ಟರು, ಗೇಜಿನ ಮುಳ್ಳು ಅಲ್ಲಾಡಲಿಲ್ಲ. ಆಮೇಲೆ ಮುಕ್ಕಾಲು ಗಂಟೆ ವ್ಯಾಕ್ಯೂಮ್. ಕೊನೆಗೆ ಸಿಲಿಂಡರನ್ನ ತಕ್ಕಡಿ ಮೇಲಿಟ್ಟು 980 ಗ್ರಾಂ, ಅದೇ ಹಳೇ ಆರ್-22.

ಒಟ್ಟು ನಾಲ್ಕು ಗಂಟೆ. ಹದಿನೈದು ವರ್ಷದ ಯಂತ್ರಕ್ಕೆ ಬಂದದ್ದು ಒಂದು ನಟ್ಟಿನ ಕಾಯಿಲೆ! 980 ಗ್ರಾಂ 22 ಗಾಳಿಗೆ ಹೋದರೆ ಭೂಮಿಗೆ ಆಗೋ ಬಿಸಿ ಸುಮಾರು 1,770 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮ, ಅಂದರೆ ಹೆಚ್ಚುಕಮ್ಮಿ 770 ಲೀಟರ್ ಪೆಟ್ರೋಲ್ ಸುಟ್ಟಷ್ಟು. ಹಾಗಾಗಿ ಗ್ಯಾಸು ಹಳೇದೋ ಹೊಸದೋ ಅನ್ನೋದಕ್ಕಿಂತ ಸೋರದೆ ಒಳಗಿರೋದೇ ದೊಡ್ಡ ಪರಿಸರ ಸೇವೆ.

"ಈ ಕಂಪ್ರೆಸರ್ ಹೋದ್ರೆ ಮತ್ತೆ ರಿಪೇರಿಗೆ ಹೋಗ್ಬೇಡಿ" ಅಂದರು ಅಣ್ಣ. "ಹೊಸದೇ ತಗೊಳ್ಳಿ. ಈಗ ಬರೋದೆಲ್ಲ ಹೆಚ್ಚಾಗಿ 32. ಅದೂ ಸ್ವಲ್ಪ ಹತ್ಕೊಳ್ಳೋ ಗ್ಯಾಸೇ, ಆದ್ರೆ ಮಿಷಿನ್ ಅದಕ್ಕೇ ಅಂತ ಮಾಡಿರ್ತಾರೆ. ಕೋಣೆ ಅಳತೆ ಹೇಳಿ ತಗೊಳ್ಳಿ. ಇದನ್ನ ಗುಜರಿಗೆ ಹಾಕೋಕೆ ಮುಂಚೆ ನನಗೊಂದು ಫೋನ್ ಮಾಡಿ, ಗ್ಯಾಸ್ ತಕ್ಕೊಂಡು ಹೋಗ್ತೀನಿ."

ಅಜ್ಜಿ ಮೆಟ್ಟಿಲ ಹತ್ತಿರ ಕೂತು ಎಲ್ಲ ನೋಡ್ತಿದ್ದರು. "ಹಳೇದಕ್ಕೆ ಹಳೇದನ್ನೇ ಹಾಕವ್ರೆ ಅನ್ನು" ಅಂದರು. "ನಂಗೂ ಹಂಗೇ ಕಣಪ್ಪ. ಹೊಸಾ ಡಾಕ್ಟ್ರು ಹೊಸಾ ಮಾತ್ರೆ ಕೊಟ್ರೆ ತಲೆ ತಿರುಗ್ತದೆ."

ಹೊರಡೋಕೆ ಮುಂಚೆ ಅಣ್ಣ ಜೇಬಿಂದ ಪೇಂಟ್ ಮಾರ್ಕರ್ ತೆಗೆದು ಯೂನಿಟ್ಟಿನ ಪಕ್ಕದ ತಗಡಿನ ಮೇಲೆ ದೊಡ್ಡದಾಗಿ ಬರೆದರು: ಆರ್-22, 980 ಗ್ರಾಂ, ತಾರೀಕು, ತಮ್ಮ ಫೋನ್ ನಂಬರು. ಅಕ್ಷರ ಸೊಟ್ಟ. ಆದರೆ ಇಷ್ಟು ಉಪಯೋಗಕ್ಕೆ ಬರೋ ನಾಲ್ಕು ಸಾಲನ್ನ ನಾನು ಇಲ್ಲಿ ಯಾವತ್ತೂ ಬರೆದಿಲ್ಲ.

ಇಷ್ಟು ಉದ್ದ ಓದಿದ್ದಕ್ಕೆ ನಿಮಗೊಂದು ಸಣ್ಣ ಕೆಲಸ ಕೊಡ್ತೀನಿ. ನಿಮ್ಮ ಮನೆಯಲ್ಲೋ, ಅಪ್ಪ ಅಮ್ಮನ ಮನೆಯಲ್ಲೋ ಹಳೇ ಏಸಿ ಇದ್ದರೆ ಔಟ್‌ಡೋರ್ ಯೂನಿಟ್ಟಿನ ತಗಡು ಓದಿ ನೋಡಿ, ಯಾವ ಗ್ಯಾಸು, ಎಷ್ಟು ಗ್ರಾಂ ಅಂತ. ಮಧ್ಯೆ ಯಾವಾಗಲಾದರೂ ಗ್ಯಾಸ್ ಹಾಕಿಸಿದ್ದರೆ ಹಾಕಿದವರಿಗೆ ಒಂದು ಫೋನ್ ಮಾಡಿ ಯಾವುದು ಹಾಕಿದ್ರಿ ಅಂತ ಕೇಳಿ. 290 ಅಂತಲೋ, ನೆನಪಿಲ್ಲ ಅಂತಲೋ ಉತ್ತರ ಬಂದರೆ ಅದನ್ನ ಆಫ್ ಮಾಡಿ ಇಟ್ಟು, ತಿಳಿದವರನ್ನ ಕರೆಸಿ. ಬಂದವರು ಬಿಚ್ಚೋಕೆ ಮುಂಚೆ, ಅವರು ಕೇಳದಿದ್ದರೂ ನೀವಾಗೇ ಹೇಳಿ. ಗೊತ್ತಿದ್ದರೆ ಗೊತ್ತಿದೆ ಅಂತ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅಂತ. ಮಾರ್ಕರಿಗೆ ಮೂವತ್ತು ನಲವತ್ತು ರೂಪಾಯಿ ಆಗಬಹುದು.